ಬೋರಣ್ಣನ ಎದೆ ಒತ್ತಿದ ಟೀಚರಮ್ಮ

ಜಯಶೀಲಾ ಜಯನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಟೀಚರು. ದಾವಣಗೆರೆಯಿಂದ ಮದುವೆಯಾಗಿ ಬಂದವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಯಲಲ್ಲಿ ಓಡುವ ಈ ಸೊಸೆಯ ಬಗ್ಗೆ ಅತ್ತೆ ಗೌರಮ್ಮನಿಗೆ ಒಳಗೊಳಗೇ ಮುಜುಗರ. ೧೯೬೬ರಲ್ಲಿ ಶಾಲೆಯವರು ಅವಳನ್ನು ಪ್ರಥಮ ಚಿಕಿತ್ಸೆಯ ಶಿಬಿರಕ್ಕೆ ಕಳಿಸಿದರು. ನಿಂತುಹೋದ ಗುಂಡಿಗೆಯನ್ನು ಎದೆಯ ಮೇಲಿಂದ ಒತ್ತಿಯೇ ನಡೆಸುವ ಹೊಸ ಕ್ರಮವನ್ನು ಅಲ್ಲಿ ಡಾಕ್ಟರೊಬ್ಬರು ಹೊಟ್ಟಿನ ಮೂಟೆಯ ಮೇಲೆ ತೋರಿಸಿಕೊಟ್ಟರು. ಬಂದಿದ್ದವರಲ್ಲಿ ಅರ್ಧ ಜನ ನಕ್ಕರು. ನಗು ಜಯಶೀಲಾಗೂ ಬಂದಿತ್ತು.

ಆ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಅವಳು ಸೊಪ್ಪು ತರಲು ಯಡಿಯೂರಿನ ಬೋರಣ್ಣನ ತೋಟಕ್ಕೆ ಹೋದಳು. ಬಡಾವಣೆಗೆ ಹೋಗಿ ಮಿಕ್ಕಿದ್ದ ತುಂಡು ನೆಲದಲ್ಲಿ ಅವನು ದಂಟು, ಕೊತ್ತಂಬರಿ ಬೆಳೆಯುತ್ತಿದ್ದ. ಅವಳ ಕಣ್ಣೆದುರೇ ಬಾವಿಯ ಮೋಟಾರಿನ ಸ್ವಿಚ್ಚಿಗೆ ಒದ್ದೆ ಕೈ ಹಾಕಿದವನು ಎಸೆದಂತೆ ಹಿಂದಕ್ಕೆ ಬಿದ್ದ.

ಜಯಶೀಲಾ ಮೊದಲು ಓಡಿಹೋಗಿ ಮೋಟಾರು ಕೋಣೆಯ ಗೋಡೆಯಲ್ಲಿದ್ದ ಮೇನ್ ಸ್ವಿಚ್ ಆರಿಸಿದಳು. ಆಮೇಲೆ ಅವನ ಕತ್ತು ಮುಟ್ಟಿ ನೋಡಿದಳು. ನಾಡಿಯಿಲ್ಲ, ಉಸಿರೂ ಇಲ್ಲ. ಹೆಂಡತಿ ಸೊಣ್ಣಮ್ಮ ಬಾಯಿ ಬಡಿದುಕೊಳ್ಳುತ್ತ ಓಡಿಬಂದಳು. ರಸ್ತೆಯಲ್ಲಿ ಹೋಗುತ್ತಿದ್ದ ಬದರಿನಾಥ ಎಂಬ ಗುಮಾಸ್ತ ಸೈಕಲ್ ಬಿಸಾಕಿ ಒಳಗೆ ಬಂದ.

"ಹೋಗ್ಬಿಟ್ಟಿದ್ದಾರೆ ಕಣಮ್ಮ," ಎಂದ.

"ಫೋನ್ ಇರೋ ಕಡೆ ಹೋಗಿ ಆಂಬುಲೆನ್ಸ್ ಕರೀರಿ ಸಾರ್. ಬೇಗ ಹೋಗಿ."

ಪರಗಂಡಸಿನ ಎದೆಯ ಮೇಲೆ ಕೈಯಿಡುವಾಗ ಅವಳಿಗೆ ಒಂದು ಗಳಿಗೆ ಅಳುಕಾಯಿತು. ಮರುಗಳಿಗೆ ಅಂಗೈ ಮೇಲೆ ಅಂಗೈಯಿಟ್ಟು, ಮೊಣಕೈ ಮಡಿಸದೆ, ಮೈಭಾರವೆಲ್ಲ ಬಿಟ್ಟು ಒತ್ತತೊಡಗಿದಳು. ನಡುನಡುವೆ ಅವನ ಮೂಗು ಹಿಡಿದು, ಬಾಯಿಗೆ ಸೆರಗಡ್ಡ ಹಾಕಿ ಉಸಿರೂದಿದಳು. ಪಕ್ಕೆಲುಬು ಲಟಕ್ಕೆಂದಿತು.

ಸೊಣ್ಣಮ್ಮ ಅವಳ ತೋಳು ಹಿಡಿದಳು. "ಎದೆ ಮುರೀತೈತೆ ಬಿಡವ್ವಾ."

"ಮೂಳೆ ಕೂಡ್ಕೊಳ್ಳುತ್ತೆ ಅಮ್ಮ. ಬಿಟ್ರೆ ಇವರು ಉಳಿಯಲ್ಲ."

ಸೊಣ್ಣಮ್ಮ ಅವಳ ಮುಖವನ್ನೇ ನೋಡಿದಳು, ಕೈ ತೆಗೆದಳು. "ಹಂಗಾರೆ ಒತ್ತು ತಾಯಿ."

ಅವಳ ತೋಳು ಸೋಲುವ ಹೊತ್ತಿಗೆ ಬದರಿನಾಥ ಫೋನ್ ಮಾಡಿ ವಾಪಸು ಬಂದ. ಜಯಶೀಲಾ ಎದೆಯ ಮೇಲೆ ಒತ್ತಬೇಕಾದ ಜಾಗ ತೋರಿಸಿಕೊಟ್ಟಳು. ಅವನು ಕೋಟು ಕಳಚಿ ಮಂಡಿಯೂರಿದ. ಹೀಗೆ ಸರದಿಯ ಮೇಲೆ ಒತ್ತುತ್ತಿರುವಾಗ ಬೋರಣ್ಣ ಬಿಕ್ಕಿದಂತೆ ಉಸಿರೆಳೆದ. ಇನ್ನೊಮ್ಮೆ ಎಳೆದ. ಕತ್ತಿನಲ್ಲಿ ನಾಡಿ ಸಣ್ಣಗೆ ಮಿಡಿಯಿತು. ಆಂಬುಲೆನ್ಸ್ ಬಂದಾಗ ಅವನು ನರಳುತ್ತಿದ್ದ. ಆ ನರಳಾಟ ಕೇಳುತ್ತ ಸೊಣ್ಣಮ್ಮ ಅತ್ತಳು, ನಕ್ಕಳು.

ಸಂಜೆ ಬದರಿನಾಥ ಆಸ್ಪತ್ರೆಯಿಂದ ನೇರ ಜಯಶೀಲಾಳ ಮನೆಗೇ ಬಂದು, ಬೋರಣ್ಣ ಹೆಂಡತಿಯ ಹೆಸರು ಹಿಡಿದು ಕರೆದನೆಂದು ಹೇಳಿಹೋದ. ಸುದ್ದಿ ಅಷ್ಟರಲ್ಲೇ ಬೀದಿಯೆಲ್ಲ ಹಬ್ಬಿತ್ತು. ಅತ್ತೆ ಬೈಯುತ್ತಾರೆಂದು ಜಯಶೀಲಾ ತಲೆ ತಗ್ಗಿಸಿ ಕೂತಿದ್ದಳು. ಗೌರಮ್ಮ ಒಳಗಿಂದ ತಲೆದಿಂಬು ತಂದು ಅವಳ ಮುಂದಿಟ್ಟರು.

"ಹೆಂಗ ಒತ್ತಿದಿ, ನನಗೂ ತೋರ್ಸು."