ಕಾದು ಕುಳಿತ ಪಟ್ಟಿ

ದೆವ್ವ, ಶಕುನ, ಮೈಮೇಲೆ ಬರುವುದು ಎಂಬ ಮಾತು ಶುರುವಾದರೆ ಎದ್ದು ಹೋಗುತ್ತಿದ್ದವನು ನಾನು. ಕಂಪ್ಯೂಟರ್ ಕೆಲಸದವನೆಂಬ ಜಂಬ ಬೇರೆ. ಯಂತ್ರ ನಾವು ಬರೆದದ್ದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ, ತಪ್ಪಾದರೆ ಬರೆದವನದೇ ತಪ್ಪು ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದೆ. ದೆವ್ವವನ್ನು ಈಗಲೂ ನಂಬುವುದಿಲ್ಲ. ಆದರೆ ಒಂದು ಮಧ್ಯಾಹ್ನದ ವಿಷಯದಲ್ಲಿ ಮಾತ್ರ ನನ್ನ ಬಾಯಿ ಕಟ್ಟಿಹೋಗಿದೆ.

ಎಂಬತ್ತರ ದಶಕದಲ್ಲಿ ಕೆ.ಜಿ.ಎಫ್.ನ ಒಂದು ಗಣಿಯ ಕಂಪ್ಯೂಟರ್ ಕೋಣೆಯಲ್ಲಿದ್ದೆ. ಮನೆ ಬಂಗಾರಪೇಟೆಯಲ್ಲಿ, ದಿನವೂ ರೈಲಿನ ಓಡಾಟ. ಕೇಜು ಎಂಬ ಕಬ್ಬಿಣದ ತೊಟ್ಟಿಲಲ್ಲಿ ಗಣಿಗೆ ಇಳಿಯುವ ಪ್ರತಿಯೊಬ್ಬನೂ ಕಿಟಕಿಯಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಪಡೆದು, ಮೇಲೆ ಬಂದಾಗ ಅಲ್ಲೇ ಕೊಡಬೇಕಿತ್ತು. ಕೆಳಗೆ ಸತ್ತವನ ಬಿಲ್ಲೆಯನ್ನೂ ಜೊತೆಗಾರರು ತಂದು ಕೊಡುತ್ತಿದ್ದರು. ಬಿಲ್ಲೆ ಬಾರದೆ ಆ ಮನುಷ್ಯ ಮೇಲೆ ಬಂದಂತಲ್ಲ. ಕಿಟಕಿಯ ಗುಮಾಸ್ತ, ಬೇತಮಂಗಲದ ವೆಂಕಟೇಶಪ್ಪ, ಬಂದ ನಂಬರುಗಳನ್ನು ಕಂಪ್ಯೂಟರಿಗೆ ಒತ್ತುತ್ತಿದ್ದ. ಎರಡು ಗಂಟೆಗೆ ಪಾಳಿ ಮುಗಿದರೆ ನಮ್ಮ ಪ್ರೋಗ್ರಾಂ ಶುರುವಾಗಿ, ಹನ್ನೊಂದು ನಿಮಿಷದ ನಂತರ ಇನ್ನೂ ಮೇಲೆ ಬಾರದವರ ಪಟ್ಟಿ ಅಚ್ಚು ಹಾಕುತ್ತಿತ್ತು. ಪಟ್ಟಿಯಲ್ಲಿ ಹೆಸರಿದ್ದರೆ ಅವರ ಮನೆಗೆ ಆಳು ಓಡುತ್ತಿದ್ದ.

ಆ ವರ್ಷ ಹಳೆಯ ಪ್ರೊಸೆಸರ್ ತೆಗೆದು ಹೊಸದನ್ನು ಹಾಕಿದರು. ಕೆಲಸಗಳೆಲ್ಲ ಚಕಚಕನೆ ಮುಗಿಯತೊಡಗಿದವು, ನಾವೂ ಬೀಗಿದೆವು. ಆದರೆ ಮೊದಲ ವಾರದಲ್ಲೇ ಪಟ್ಟಿಯಲ್ಲಿ ತಪ್ಪು ಹೆಸರುಗಳು ಬಂದವು. ಗಣಿಯೊಳಗೆ ಮರದ ಆಸರೆ ಕಟ್ಟುವ ತಿಮ್ಮರಾಯಪ್ಪನ ಹೆಸರೂ ಬಂತು. ಅವನ ಹೆಂಡತಿ ಮುನಿಯಮ್ಮ ನಂದಿದುರ್ಗ ಗಣಿಯ ಕೂಲಿ ಲೈನಿನ ಮನೆಯಿಂದ ರಾಗಿಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದಳು. ಅಷ್ಟರಲ್ಲಿ ಅವನು ಕಿಟಕಿಯ ಮುಂದೆ ಬೀಡಿ ಹಚ್ಚುತ್ತಿದ್ದ. ಎಲ್ಲರೂ ನಕ್ಕರು. ಆಕೆ ಮಾತ್ರ ನಗಲಿಲ್ಲ, ನೇರ ನನ್ನ ಬಳಿಗೆ ಬಂದಳು.

"ಇನ್ನೊಂದ್ ಸಲ ಇಂಗ್ ಮಾಡ್ಬೇಡಿ ಸಾಮಿ. ಆಯಪ್ಪ ಮೇಲಕ್ ಬರಗಂಟ ಕಾಯ್ರಿ. ಕಾಯದೆ ಎಸ್ರು ಬರೀಬ್ಯಾಡ್ರಿ."

ತಲೆ ತಗ್ಗಿಸಿ ಆಗಲಿ ಎಂದೆ.

ತಪ್ಪು ಹುಡುಕಲು ನಾಲ್ಕು ದಿನ ಹಿಡಿಯಿತು. ಕಿಟಕಿಯಿಂದ ಬರುವ ತಂತಿಯನ್ನು ಅನುಮಾನಿಸಿದೆ, ಡಿಸ್ಕನ್ನು ಅನುಮಾನಿಸಿದೆ, ಕೊನೆಗೆ ವೆಂಕಟೇಶಪ್ಪನ ಬೆರಳುಗಳನ್ನೂ ಅನುಮಾನಿಸಿದೆ. ಆತ ಸಿಟ್ಟಿಗೆದ್ದ. "ನನ್ ಕೈ ಸರ್ಯಾಗೈತೆ ಸಾರ್. ನಿಮ್ ಯಂತ್ರ ಓಡಾಕ್ ಕಲ್ತೈತೆ, ಕೇಜು ಮಾತ್ರ ಮೊದ್ಲಿನಂಗೇ ನಿಧಾನಕ್ ಬತ್ತೈತೆ."

ಆಗ ಹೊಳೆಯಿತು. ಹಿಂದೆ ಈ ಪ್ರೋಗ್ರಾಂ ಬರೆದವರು ಕೊನೆಯ ಕೇಜು ಜನರನ್ನು ಹೊತ್ತು ಮೇಲೆ ಬರಲೆಂದು ಯಂತ್ರಕ್ಕೆ ಸುಮ್ಮನೆ ಅಂಕಿ ಎಣಿಸಲು ಹೇಳಿದ್ದರು. ಹಳೆಯ ಪ್ರೊಸೆಸರಿಗೆ ಅಷ್ಟು ಎಣಿಸಲು ಹನ್ನೊಂದು ನಿಮಿಷ ಬೇಕಿತ್ತು. ಹೊಸದು ನಾಲ್ಕು ನಿಮಿಷಕ್ಕೂ ಮೊದಲೇ ಎಣಿಸಿ ಮುಗಿಸಿ, ಕೇಜಿನಲ್ಲಿದ್ದವರನ್ನೆಲ್ಲ ಪಟ್ಟಿಗೆ ಸೇರಿಸಿಬಿಡುತ್ತಿತ್ತು. ನಾನು ಎಣಿಕೆಯನ್ನು ಹೆಚ್ಚಿಸಿ, ಕೈಗಡಿಯಾರ ಹಿಡಿದು ಹತ್ತಾರು ಸಲ ಓಡಿಸಿ ನೋಡಿದೆ. ಪ್ರತಿ ಸಲವೂ ಹನ್ನೊಂದೇ ನಿಮಿಷ. ಎಣಿಸುವಾಗ ಅದು ಬಿಲ್ಲೆಗಳ ಕಡತದತ್ತ ತಿರುಗಿಯೂ ನೋಡುವುದಿಲ್ಲ. ಎಣಿಕೆ ಮುಗಿದ ಮೇಲೆ ಒಂದೇ ಒಂದು ಸಲ ಓದಿ ಪಟ್ಟಿ ಕೊಡುತ್ತದೆ. ಇದನ್ನು ದಯವಿಟ್ಟು ನೆನಪಿನಲ್ಲಿಡಿ.

ಹದಿನೈದು ದಿನ ಕಳೆದಿರಬೇಕು. ಪಾಳಿ ಮುಗಿಯುವ ಹೊತ್ತಿಗೆ ನೆಲದಡಿಯಲ್ಲಿ ಕಲ್ಲು ಸಿಡಿಯಿತು. ಆ ಊರಿನಲ್ಲಿ ಅದು ಹೊಸದಲ್ಲ; ಅಡುಗೆಮನೆಯ ಪಾತ್ರೆಗಳು ಗಡಗಡ ಅಂದರೆ ಹೆಂಗಸರು ಕೆಲಸ ಬಿಟ್ಟು ಗಣಿಯ ಬಾಗಿಲಿಗೆ ಬರುತ್ತಿದ್ದರು. ಎರಡು ಗಂಟೆಗೆ ಪ್ರೋಗ್ರಾಂ ಶುರುಮಾಡಿದೆ. ಹನ್ನೊಂದು ನಿಮಿಷವಾಯಿತು, ಪಟ್ಟಿ ಬರಲಿಲ್ಲ. ಅರ್ಧ ಗಂಟೆಯಾಯಿತು. ಮೇಲಧಿಕಾರಿಗಳು ಫೋನಿನಲ್ಲಿ ಬೈಯತೊಡಗಿದರು. ಪ್ರೋಗ್ರಾಂ ಕೆಟ್ಟು ನಿಂತಿರಲಿಲ್ಲ, ಎಣಿಸುತ್ತಲೇ ಇತ್ತು. ಅದನ್ನು ರದ್ದುಮಾಡಿ ಮತ್ತೆ ಓಡಿಸಿದ್ದರೆ ಹನ್ನೊಂದು ನಿಮಿಷದಲ್ಲಿ ಪಟ್ಟಿ ಕೈಯಲ್ಲಿರುತ್ತಿತ್ತು. ಕೀಲಿಯ ಮೇಲೆ ಬೆರಳಿಟ್ಟೆ, ಒತ್ತಲಿಲ್ಲ. ಈಗ ಮುಗಿಯುತ್ತದೆ, ಇನ್ನೇನು ಮುಗಿಯುತ್ತದೆ ಎಂದುಕೊಳ್ಳುತ್ತಲೇ ಕುಳಿತೆ.

ನಾಲ್ಕು ಗಂಟೆಗೆ ಹತ್ತು ನಿಮಿಷವಿದ್ದಾಗ ಪ್ರಿಂಟರ್ ಸದ್ದು ಮಾಡಿತು. ಹಾಳೆಯಲ್ಲಿ ಒಂದು ಹೆಸರೂ ಇರಲಿಲ್ಲ. ಎಲ್ಲರೂ ಬಂದಿದ್ದಾರೆ ಎಂಬ ಒಂದೇ ಸಾಲು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಹಾಳೆ ಹರಿದುಕೊಂಡು ಕಿಟಕಿಗೆ ಓಡಿದೆ.

ವೆಂಕಟೇಶಪ್ಪ ಮುಖಕ್ಕೆ ಟವೆಲ್ ಒತ್ತಿಕೊಂಡು ಕುಳಿತಿದ್ದ. "ಈಗಷ್ಟೇ ಒತ್ತಿದೆ ಸಾರ್, ಕೊನೇ ನಂಬ್ರು. ತಿಮ್ಮರಾಯಪ್ಪಂದು. ಜತೆಯವ್ರು ತಂದ್ಕೊಟ್ರು." ಕೈಯಿಂದ ಬಾಗಿಲ ಕಡೆ ತೋರಿಸಿದ. ಹೊರಗೆ ಸ್ಟ್ರೆಚರಿನ ಮೇಲೆ ಕಂಬಳಿ ಹೊದಿಸಿದ್ದರು. ಒಂಟಿಯಾಗಿ ಆಸರೆ ನೋಡಲು ಹೋಗಿದ್ದವನು ಕಲ್ಲು ತೆರವು ಮಾಡುವವರಿಗೆ ಸಿಕ್ಕಿದ್ದನಂತೆ. ಬಿದ್ದ ಕ್ಷಣವೇ ಜೀವ ಹೋಗಿದೆ ಎಂದರು ಡಾಕ್ಟರು. ಪಟ್ಟಿ ಬೇಗ ಬಂದಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ನಾನು ಹಿಡಿದುಕೊಳ್ಳುವುದು ಆ ಮಾತನ್ನೇ.

ಆಮೇಲೆ ಅದೇ ಪ್ರೋಗ್ರಾಮನ್ನು ಅದೇ ಯಂತ್ರದಲ್ಲಿ ಎಷ್ಟು ಸಲ ಓಡಿಸಿದೆನೋ ಲೆಕ್ಕವಿಲ್ಲ. ಹನ್ನೊಂದು ನಿಮಿಷ, ಹನ್ನೊಂದು ನಿಮಿಷ. ಯಂತ್ರ ತಯಾರಿಸಿದವರ ಎಂಜಿನಿಯರು ವಿದ್ಯುತ್ತಿನ ಏರಿಳಿತ ಎಂದ. ಇರಬಹುದು. ಆದರೆ ಆ ಒಂದು ನಂಬರು ಒತ್ತಿದ ಮರುಗಳಿಗೆಯೇ ಎಣಿಕೆ ಯಾಕೆ ಮುಗಿಯಿತು ಎಂದರೆ ತನ್ನ ಉಪಕರಣಗಳನ್ನು ಚೀಲಕ್ಕೆ ತುಂಬತೊಡಗಿದ.

ಕೆಲವು ತಿಂಗಳ ನಂತರ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮುನಿಯಮ್ಮ ಸಿಕ್ಕಳು. ತವರಿಗೆ ಹೊರಟಿದ್ದಳು. ನಾನು ಮುಖ ತಪ್ಪಿಸಿದರೂ ತಾನೇ ಹತ್ತಿರ ಬಂದಳು.

"ಅವತ್ತು ನಾನ್ ಏಳಿದ್ಕೆ ಕಾದ್ರಿ ಸಾಮಿ. ಆಯಪ್ಪ ಮೇಲಕ್ ಬರಗಂಟ ಎಸ್ರು ಬರೀನಿಲ್ಲ ನೀವು."

ನಾನಲ್ಲಮ್ಮ ಎನ್ನಲು ಬಾಯಿ ತೆರೆದೆ. ಹಾಗಾದರೆ ಮತ್ಯಾರು ಎಂದು ಆಕೆ ಕೇಳಿಬಿಟ್ಟರೆ? ಕೈಮುಗಿದು ರೈಲು ಹತ್ತಿದೆ.