ಶಿವಮೊಗ್ಗದಿಂದ ಹುಬ್ಬಳ್ಳಿಗೆ ಎಷ್ಟು ಹೊತ್ತು

ಶಿವಮೊಗ್ಗದ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲಿ ಸುಮಾರು ನಾಲ್ಕು ಗಂಟೆ. ಆ ದೂರವನ್ನೇ ನಂಬಿ ನಾನು ಒಬ್ಬ ಹೆಣ್ಣುಮಗಳನ್ನು ಅಜ್ಜಂಪುರದಿಂದ ಹೊರಡಿಸಿದ್ದೆ.

ಆಕೆಯ ಗಂಡ ಕಡೂರಿನ ಕೊಬ್ಬರಿ ವ್ಯಾಪಾರಿ. ಬೆಲ್ಟಿನಲ್ಲಿ ಹೊಡೆಯುತ್ತಿದ್ದ, ಅದು ಅಪರಾಧ. ಅದನ್ನು ಸಂಸಾರದ ತಾಪತ್ರಯವೆಂದು ತಳ್ಳಿಹಾಕಿದ ಹಿರಿಯರದು ಇನ್ನೊಂದು ಅಪರಾಧ. ತವರಿಗೆ ಓಡಿಬಂದವಳನ್ನು ಮರ್ಯಾದೆಯ ಹೆಸರಿನಲ್ಲಿ ಮತ್ತೆ ಅಲ್ಲಿಗೇ ಅಟ್ಟಲು ನಿಂತ ಅಣ್ಣಂದಿರಿಬ್ಬರದು ಎಲ್ಲಕ್ಕಿಂತ ದೊಡ್ಡದು. ಆಕೆ ನಮ್ಮ ಮನೆಯಲ್ಲಿ ಅಡಗಿದ್ದಳು. ಹೈದರಾಬಾದಿನಲ್ಲಿ ಒಂದು ಕೆಲಸ ಆಕೆಗಾಗಿ ಕಾದಿತ್ತು. ಆಕೆ ಹೊರಡುವ ಸುದ್ದಿ ಹೇಗೋ ತಿಳಿದು, ದೊಡ್ಡಣ್ಣ ಶಿವಮೊಗ್ಗದ ನಿಲ್ದಾಣದ ಬಾಗಿಲಲ್ಲಿ ಕಾವಲು ಕುಳಿತ. ನಾವು ಹುಬ್ಬಳ್ಳಿಯಿಂದ ಟಿಕೆಟ್ ತೆಗೆಸಿದೆವು. ಮೋಸ ಹೋದದ್ದು ಅವನಿಗೆ ಗೊತ್ತಾಗಿ ಅಲ್ಲಿಂದ ಹೊರಡುವಷ್ಟರಲ್ಲಿ ಈಕೆ ವಿಮಾನದಲ್ಲಿರುತ್ತಾಳೆ ಎಂಬುದು ನನ್ನ ಲೆಕ್ಕ.

ಬುಕ್ಕಾಂಬುಧಿಯ ಕೆರೆ ಏರಿಯ ಮೇಲೆ, ನಾನೂ ಆಕೆಯೂ ಕುಳಿತಿದ್ದ ಬಾಡಿಗೆ ಕಾರಿಗೆ ಜೀಪೊಂದು ಅಡ್ಡ ನಿಂತಿತ್ತು. ಇಳಿದವನು ಆಕೆಯ ಚಿಕ್ಕಣ್ಣ. ಕೈಯಲ್ಲಿ ಕಬ್ಬಿಣದ ರಾಡು.

ನಾನು ಚಾಲಕನ ಮುಖ ನೋಡಿದೆ. "ಹೆಸ್ರು ಹಾಕಿಲ್ಲ ಅಕ್ಕಾ," ಎಂದ ಅವನು, ಬಿಳಿಚಿಕೊಂಡು. "ಅಜ್ಜಂಪುರದಿಂದ ಹುಬ್ಬಳ್ಳಿ ಏರ್‌ಪೋರ್ಟು, ವಾಪಸ್ ಖಾಲಿ ಅಂತ ಅಷ್ಟೇ ಗ್ರೂಪಲ್ಲಿ ಹಾಕ್ದೆ."

ದೂರದ ಬಾಡಿಗೆ ಸಿಕ್ಕರೆ, ಖಾಲಿ ಗಾಡಿ ವಾಪಸ್ ಬರಬಾರದೆಂದು ಚಾಲಕರ ಗುಂಪಿಗೆ ತಿಳಿಸುವುದು ನಮ್ಮ ಕಡೆಯ ಸ್ಟ್ಯಾಂಡುಗಳ ವಾಡಿಕೆ. ಚಿಕ್ಕಣ್ಣನೂ ಬಾಡಿಗೆ ಗಾಡಿ ಓಡಿಸುವವನೇ, ಅದೇ ಗುಂಪಿನವನು.

ಮೊದಲ ಏಟಿಗೆ ಮುಂದಿನ ಗಾಜು ಪುಡಿಯಾಯಿತು. ಬಾಗಿಲು ಕಿತ್ತಂತೆ ತೆರೆದು, ತಂಗಿಯ ಜಡೆ ಹಿಡಿದು ರಸ್ತೆಗೆ ಎಳೆದ. "ಮಾನ ಕಳೀತೀಯೇನೇ ನಮ್ದು?" ಎಂದು ರಾಡು ಬೀಸಿದ. ಅಡ್ಡ ಹಿಡಿದ ಆಕೆಯ ಎಡಗೈ ಮುರಿದ ಸದ್ದು ನನಗೆ ಕೇಳಿಸಿತು.

"ಅವ್ನು ಬೆಲ್ಟಲ್ಲಿ ಹೊಡೀತಿದ್ದ, ನೀನು ಕಬ್ಣ ತಂದಿದೀಯ," ಎಂದಳು ಆಕೆ, ನೆಲದಿಂದಲೇ. "ಹೊಡಿಯಣ್ಣ. ಅಲ್ಲಿಗಂತೂ ನಾನು ಹೋಗಲ್ಲ ಕಣೋ."

ಅವನು ಮತ್ತೆ ರಾಡು ಎತ್ತಿದಾಗ ಚಾಲಕ ಹಿಂದಿನಿಂದ ಕಸಿದುಕೊಂಡು ಅವನ ಮೊಣಕಾಲಿಗೆ ಹೊಡೆದ. ಒಂದಲ್ಲ, ಮೂರು ಸಲ. ಅದೂ ಹಿಂಸೆಯೇ, ಬೇರೆ ಹೆಸರಿಟ್ಟು ಅದನ್ನು ನಾನು ಶುದ್ಧಗೊಳಿಸಲಾರೆ. ಆದರೂ ನಾನು ತಡೆಯಲಿಲ್ಲ. ಬಿದ್ದವನು ಏರಿಯ ಮಣ್ಣಿನಲ್ಲಿ ಹೊರಳುತ್ತಲೇ ನಕ್ಕ: "ಅಣ್ಣ ಆಗ್ಲೇ ಶಿವಮೊಗ್ಗ ಬಿಟ್ಟವ್ನೆ. ಹೋಗ್ರೀ, ಹೋಗಿ ಸಾಯ್ರಿ."

ಜೀಪನ್ನು ಬದಿಗೆ ತಳ್ಳಿ ಹೊರಟೆವು. ದಾವಣಗೆರೆ ದಾಟುವಾಗ ಆಸ್ಪತ್ರೆಗೆ ಹೋಗೋಣವೆಂದೆ. ಮುರಿದ ಕೈಯನ್ನು ನನ್ನ ದುಪಟ್ಟಾದಲ್ಲಿ ಸುತ್ತಿಕೊಂಡಿದ್ದ ಆಕೆ, ಗಾಜಿಲ್ಲದ ಕಿಂಡಿಯಿಂದ ನುಗ್ಗುವ ಗಾಳಿಗೆ ಕಣ್ಣು ಕಿರಿದುಮಾಡಿ, "ಹೈದರಾಬಾದಲ್ಲಿ ಕಟ್ಟಿಸ್ಕೋತೀನಿ, ನಡೀರಿ," ಎಂದಳು.

ಹುಬ್ಬಳ್ಳಿಯ ನಿಲ್ದಾಣದಲ್ಲಿ ಆಕೆ ಗುರುತಿನ ಚೀಟಿ ತೋರಿಸಿ ಬಾಗಿಲು ದಾಟಿದ ಕೆಲವೇ ನಿಮಿಷಗಳಲ್ಲಿ ದೊಡ್ಡಣ್ಣ ಬಂದ. "ಊರಿಗೆಲ್ಲಾ ಬುದ್ಧಿ ಹೇಳೋಳು, ನಮ್ಮನೆ ಹೆಣ್ಣೇ ಬೇಕಾಗಿತ್ತಾ ನಿಂಗೆ?" ಎಂದವನೇ ನನ್ನ ಬಾಯಿಗೆ ಗುದ್ದಿದ. ಕೆಳಗೆ ಬಿದ್ದ ನನ್ನ ಪಕ್ಕೆಗೆ ಒದ್ದ. ಕಾವಲಿನವರು ಅವನನ್ನು ಹಿಡಿದೆಳೆಯುವಾಗಲೂ ಗಾಜಿಗೆ ಹಣೆಯೊತ್ತಿ ತಂಗಿಯನ್ನು ಕೂಗುತ್ತಿದ್ದ.

ಆಕೆ ಒಮ್ಮೆ ತಿರುಗಿದಳು. ಅವನನ್ನು ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ಬಲಗೈಯಿಂದ ಚೀಲವನ್ನೆತ್ತಿ ತಪಾಸಣೆಯ ಬೆಲ್ಟಿನ ಮೇಲಿಟ್ಟಳು.