ಸೇರು ಅಂದರೆ

ಅವ್ವ ಚೆನ್ನೈಗೆ ಬಂದು ತಿಂಗಳಾಗಿತ್ತು. ಅಷ್ಟು ದಿನವೂ ಅವಳದು ಒಂದೇ ಹಟ: ಊರಿಗೆ ಹೋಗುವುದರೊಳಗೆ ಮೊಮ್ಮಗಳ ಬಾಯಲ್ಲಿ ಒಂದು ಸಲ 'ಅಜ್ಜಿ' ಅನ್ನಿಸಿಕೊಳ್ಳಬೇಕು. ನನ್ನ ಮಗಳಿಗೆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತದೆ. ಬಾಯಿಂದ ಹೊರಡುವುದು ಮಾತ್ರ ತಮಿಳು. ಅಜ್ಜಿ ಅವಳಿಗೆ 'ಪಾಟ್ಟಿ'.

"ಪಾಟ್ಟಿಯಂತೆ, ಪಾಟ್ಟಿ. ಯಾರನ್ನ ಕರೀತದೆ ಈ ಮಗು ಅಂತ ನಾನು ಹಿಂದಕ್ಕೆ ತಿರುಗಿ ನೋಡ್ತೀನಿ," ಎಂದು ಅವ್ವ ಗೊಣಗುವಳು. ನೀನು ಕಲಿಸಲಿಲ್ಲ ಎನ್ನುವುದು ಅದರ ಬಾಲ. ನನಗೂ ರೇಗುತ್ತಿತ್ತು. ಹೇಳಿಕೊಟ್ಟಿದ್ದು ಒಪ್ಪಿಸೋದಕ್ಕೆ ಅವಳೇನು ಗಿಣಿಯೇ?

ಹೊರಡುವ ದಿನ ಬೆಳಿಗ್ಗೆ ಮೂವರೂ ಪಳ್ಳಿಕರಣೈ ಜೌಗು ನೋಡಲು ಹೋದೆವು. ರಾತ್ರಿ ಅವ್ವನ ರೈಲು. ಅಷ್ಟು ಹೊತ್ತಿಗೆ ಅವಳು 'ಅಜ್ಜಿ'ಯ ಆಸೆ ಬಿಟ್ಟು ಸುಮ್ಮನಾಗಿದ್ದಳು.

ಹಿಂದಿನ ವಾರದ ಮಳೆಗೆ ನಡೆಯುವ ದಾರಿ ಅಲ್ಲಲ್ಲಿ ಮುಳುಗಿತ್ತು. ಬುದ್ಧಿಯಿದ್ದವರು ಗೇಟಿನಿಂದಲೇ ವಾಪಸಾಗುತ್ತಿದ್ದರು. ನಾವು ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆವು. ಮೊದಲು ಪಾದ ಮುಳುಗುವಷ್ಟು ನೀರು. ಆಮೇಲೆ ಮೀನಖಂಡದವರೆಗೆ. ಬಿಸಿಲಿಗೆ ನೀರು ಉಗುರುಬೆಚ್ಚಗಾಗಿತ್ತು. ಪುಟ್ಟ ಮೀನುಗಳು ಬೆರಳ ಸಂದಿಯಲ್ಲಿ ಕಚಗುಳಿಯಿಟ್ಟವು. ಮಗಳು ಕಿಸಕ್ಕೆಂದಳು, ಅದು ನನಗೂ ಅಂಟಿತು. ಸುಮ್ಮಸುಮ್ಮನೆ ನಗು. ಅವ್ವನಂತೂ ಸೀರೆ ಎತ್ತಿ ಕಟ್ಟಿ, ನಾಟಿ ಹಾಕಲು ಗದ್ದೆಗಿಳಿದವಳ ಹಾಗೆ ಎಲ್ಲರಿಗಿಂತ ಮುಂದೆ ಹೊರಟಳು. ದೂರದಲ್ಲಿ ಹೆಜ್ಜಾರ್ಲೆಗಳು ತಮ್ಮ ಕೊಕ್ಕಿನ ಚೀಲ ತೂಗಿಸಿಕೊಂಡು ಕೂತಿದ್ದವು.

"ನೋಡೇ, ನಮ್ಮ ಮಂಡ್ಯದ ಕಡೆ ಹಕ್ಕಿ. ಇವೂ ಮಗಳ ಮನೆಗೆ ಬಂದವೆ," ಎಂದಳು.

ದಾರಿಯ ತಿರುವಿನಲ್ಲಿ ಕಾವಲುಗಾರ ಕೊಡೆ ಹಿಡಿದು ನಿಂತಿದ್ದ. ಎಡಗಡೆಯ ಹಸಿರಿನತ್ತ ಕೈ ತೋರಿಸಿ, "ಅಮ್ಮಾ, ಅಂಗ ಸೇರು, ಸೇರು," ಎಂದ.

ಅವ್ವನ ಮುಖ ಅರಳಿತು. ಒಂದು ತಿಂಗಳಲ್ಲಿ ಅವಳಿಗೆ ಪೂರ್ತಿ ಅರ್ಥವಾದ ಮೊದಲ ತಮಿಳು ಮಾತು ಅದು. "ಸೇರ್ಕತೀನಪ್ಪ, ಅದಕ್ಕೇನಂತೆ," ಎಂದು ಸೀದಾ ಅತ್ತಲೇ ಹೆಜ್ಜೆಯಿಟ್ಟಳು. ಮಗಳು ಸೆರಗು ಹಿಡಿಯುವಷ್ಟರಲ್ಲಿ ಮೊಣಕಾಲವರೆಗೆ ಹೂತಿದ್ದಳು.

ತಮಿಳಿನಲ್ಲಿ ಸೇರು ಅಂದರೆ ಕೆಸರು. ಅತ್ತ ಹೋಗಬೇಡಿ ಎಂದು ಆ ಪುಣ್ಯಾತ್ಮ ಬಾಯಿ ಬಡಿದುಕೊಂಡಿದ್ದ. ಇದನ್ನು ಅವ್ವನಿಗೆ ಹೇಳೋಣವೆಂದರೆ ನನಗೆ ಉಸಿರೇ ಸಿಗಲಿಲ್ಲ. ಹೊಟ್ಟೆ ಹಿಡಿದುಕೊಂಡು ದಾರಿಯ ನೀರಿನಲ್ಲೇ ಕುಕ್ಕರಿಸಿಬಿಟ್ಟೆ. ಕೊನೆಗೆ ಮಗಳೇ ಒಂದು ಮುಷ್ಟಿ ಕೆಸರು ಎತ್ತಿ ತೋರಿಸಿದಳು. "ಪಾಟ್ಟಿ, ಸೇರುನ್ನಾ ಇದು."

ಅವ್ವ ಅವಳ ಮುಷ್ಟಿ ನೋಡಿದಳು, ತನ್ನ ಕಾಲು ನೋಡಿಕೊಂಡಳು. "ಹಂಗಾರೆ ಅವನು ಹೇಳಿದ್ದೂ ಸರಿ, ನಾನು ಸೇರಿದ್ದೂ ಸರಿ," ಎಂದು ಮೈ ಕುಲುಕಿಸಿ ನಗತೊಡಗಿದಳು. ಕಾವಲುಗಾರ ಕೊಡೆಯ ಹಿಡಿ ಚಾಚಿದ. ಅವಳು ಹಿಡಿಯಲಿಲ್ಲ. "ತಡಿಯಪ್ಪ, ಕಾಲ್ಗೆ ತಂಪಾಗೈತೆ."

ಮಗಳು ಅಂಚಿನಲ್ಲಿ ನಿಂತು ನನ್ನನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿದಳು. ಒಂದು ಪಾದ ಆಗಲೇ ಕೆಸರಿನ ಮೇಲೆ ತೂಗುತ್ತಿತ್ತು.

"ಸೇರ್ಲಾ, ಅಜ್ಜಿ?"

ಅವ್ವನ ನಗು ಗಕ್ಕನೆ ನಿಂತಿತು. ಎರಡೂ ಕೈ ಚಾಚಿದಳು. "ಸೇರು ಬಾ, ನನ್ನವ್ವ," ಎಂದಳು. ಮಗಳು ಧುಮುಕಿದಳು. ಇಬ್ಬರ ಮುಖಕ್ಕೂ ಕೆಸರು ರಾಚಿತು.

ಕಾವಲುಗಾರ ಹಣೆ ಚಚ್ಚಿಕೊಂಡು ನನ್ನತ್ತ ತಿರುಗಿದ. "ಸೇರುನ್ನು ಸೊನ್ನೇನೇಮ್ಮಾ," ಎಂದ.

ಹೌದು, ಹೇಳಿದ್ದ. ಚಪ್ಪಲಿಯನ್ನು ಒಣನೆಲಕ್ಕೆ ಎಸೆದು ನಾನೂ ಸೇರಿದೆ.